ಇಡೀ ಕೆರೆ ಕಾಯೋಕಾಗಲ್ಲ

ಕೋಲಾರದವರಿಗೆ ಲೈಫ್‌ಗಾರ್ಡ್ ಯಾಕಪ್ಪ ಅಂತ ನಗಬೇಡಿ. ನಮಗೆ ಸಮುದ್ರ ಇಲ್ಲ, ನದಿಯೂ ಹೆಸರಿಗಷ್ಟೆ. ಪಾಲಾರ್ ನಮ್ಮ ಕಡೆ ಹರಿಯೋದು ಅಂದರೆ ಒಂದು ಕೆರೆ ಕೋಡಿ ಬಿದ್ದು ಇನ್ನೊಂದು ಕೆರೆ ತುಂಬೋದು. ಆ ಕೆರೆಗಳೂ ಎಷ್ಟೋ ವರ್ಷ ಒಣಗಿಯೇ ಇದ್ದವು. ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಈ ಊರಿನ ಹೈಸ್ಕೂಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ನಮ್ಮ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದದ್ದೇ ಕೆರೆ ಅಂಗಳದಲ್ಲಿ. ಈಗ ಆ ಪಿಚ್ ಮೇಲೆ ಎರಡಾಳು ನೀರಿದೆ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಡೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಪಂಪ್ ಮಾಡಿ 126 ಕೆರೆ ತುಂಬಿಸೋ ಯೋಜನೆ ಅದು. ಒಂದೊಂದೇ ಕೆರೆ ತುಂಬುತ್ತಾ ನಮ್ಮೂರಿಗೂ ಸರದಿ ಬಂತು. ಆಮೇಲೆ 2021ರ ನವೆಂಬರ್ ಮಳೆ. ಹುಟ್ಟಿದಾಗಿನಿಂದ ಕೋಡಿ ನೋಡದ ಹುಡುಗರೆಲ್ಲ ಕೋಡಿ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಹೆಂಗಸರು ಬಾಗಿನ ಬಿಟ್ಟರು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲಕ್ಕೆ ಬಂತು. ನೀರು ಎಂಥದು, ಸಾಕಷ್ಟು ಶುದ್ಧವಾಗಿದೆಯಾ ಅನ್ನೋ ಜಗಳ ಬೇರೆ ಇದೆ, ಅದನ್ನು ಇಲ್ಲಿ ಎಳೆಯಲ್ಲ.

ಆದರೆ ನೀರು ಬಂದರೂ ಈಜು ಬಂದಿರಲಿಲ್ಲ. ನಮ್ಮ ತಾತಂದಿರು ಸೊಂಟಕ್ಕೆ ಸೊರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಬಾವಿಗಳು ಬತ್ತಿದವು, ಸಾವಿರ ಅಡಿ ಬೋರ್‌ವೆಲ್ ಬಂತು. ಬೋರ್‌ವೆಲ್‌ನಲ್ಲಿ ಯಾರು ಈಜು ಕಲಿಯೋಕಾಗುತ್ತೆ? ಇವತ್ತು ನಮ್ಮೂರಲ್ಲಿ ಅರವತ್ತು ದಾಟಿದವರಿಗೆ ಈಜು ಬರುತ್ತೆ, ಅವರ ಮಕ್ಕಳಿಗೂ ಬರಲ್ಲ, ಮೊಮ್ಮಕ್ಕಳಿಗೂ ಬರಲ್ಲ. ಕೆರೆಗೆ ಇಳಿಯೋರು ಮಾತ್ರ ಮೊಮ್ಮಕ್ಕಳೇ.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಜಿಲ್ಲೆಯಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಮಕ್ಕಳನ್ನು ಕರಕೊಂಡು ಹೋಗೋ ಕೆಲಸ ನನ್ನದೂ ಆದ್ದರಿಂದ ನನಗೆ ನಿದ್ದೆ ಬರಲಿಲ್ಲ. ಟೀ ಅಂಗಡಿಯಲ್ಲಿ ಎಲ್ಲರೂ "ಅಲ್ಲಿ ಲೈಫ್‌ಗಾರ್ಡ್ ಏನ್ ಮಾಡ್ತಿದ್ರು" ಅಂತ ಕೇಳೋರೇ. ನಮ್ಮ ಕೆರೆಗೆ ಯಾರಿದಾರೆ ಅಂತ ಒಬ್ಬರೂ ಕೇಳಲಿಲ್ಲ. ಅದನ್ನು ಕೇಳಿದ್ದು ನಮ್ಮ ಪಂಚಾಯ್ತಿಯ ಪಿಡಿಒ ಮೇಡಂ, ಬೇಸಿಗೆ ರಜೆ ಹತ್ತಿರ ಬಂದಾಗ. "ಮೇಷ್ಟ್ರೇ, ನಿಮಗೆ ಈಜು ಬರುತ್ತೆ, ಹುಡುಗರೂ ನಿಮ್ಮ ಮಾತು ಕೇಳ್ತಾರೆ. ಕೆರೆಗೆ ಏನಾದ್ರೂ ಒಂದು ವ್ಯವಸ್ಥೆ ಮಾಡಿಕೊಡಿ" ಅಂದರು.

ಪಂಚಾಯ್ತಿ ಸಭೆಯಲ್ಲಿ ಮೊದಲು ಎದ್ದ ಮಾತು ಬೋರ್ಡಿನದು. "ಕೆರೆಗೆ ಇಳಿಯಬಾರದು ಅಂತ ದೊಡ್ಡ ಬೋರ್ಡ್ ಹಾಕಿ, ಮುಗೀತು" ಅಂದರು ಹಿರಿಯ ಸದಸ್ಯರೊಬ್ಬರು. ಮಾತಿನಲ್ಲಿ ನ್ಯಾಯ ಇತ್ತು. ಈ ನೀರು ಅಂತರ್ಜಲಕ್ಕೆ ಅಂತ ತುಂಬಿಸಿದ್ದು, ಕುಡಿಯೋಕೆ, ಮೀಯೋಕೆ ಅಲ್ಲ. ನಾವೇ ಕಾವಲು ಹಾಕಿದರೆ ಇಳೀರಿ ಅಂತ ಕರೆದ ಹಾಗಾಗುತ್ತೆ ಅಲ್ವಾ ಅನ್ನೋದು ಅವರ ವಾದ. ಆದರೆ ಬೋರ್ಡು ಆಗಲೇ ಒಂದಿತ್ತು. ಹುಡುಗರು ಅದಕ್ಕೆ ಶರ್ಟು ನೇತುಹಾಕಿ ನೀರಿಗೆ ಇಳಿಯುತ್ತಿದ್ದರು. ನಾನು ಇಷ್ಟೇ ಹೇಳಿದೆ: ಬೋರ್ಡು ಇರಲಿ, ಬೋರ್ಡು ಓದದವರಿಗೆ ಅಂತ ಕಾವಲು ಇರಲಿ. ಅರ್ಧ ಸಭೆ ಒಪ್ಪಿತು. ಇನ್ನರ್ಧ ಟೀ ಬಂತು ಅಂತ ಸುಮ್ಮನಾಯಿತು.

ನನಗೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರಲಿಲ್ಲ. ಏರಿಯೇ ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ. ಅದರ ಮೇಲೆ ಎಷ್ಟು ಜನರನ್ನು ನಿಲ್ಲಿಸಲಿ? ನನ್ನ ಜೊತೆ ಬಿ.ಪಿ.ಇಡಿ ಓದಿದ ಗೆಳೆಯನೊಬ್ಬ ಉಡುಪಿ ಕಡೆಯವನು. ಅವನ ತಮ್ಮ ಬೀಚಿನಲ್ಲಿ ಲೈಫ್‌ಗಾರ್ಡ್ ಕೆಲಸ ಮಾಡಿದವನು. ಅವನಿಗೆ ಫೋನ್ ಮಾಡಿ ಕೇಳಿದೆ, "ಒಂದು ಕಿಲೋಮೀಟರ್ ದಡಕ್ಕೆ ಎಷ್ಟು ಜನ ಹಾಕ್ತೀರಾ?" ಅವನು ನಕ್ಕ. "ನಾವು ಇಡೀ ದಡ ಕಾಯುದಿಲ್ಲ ಮಾರಾಯ್ರೆ. ಎರಡು ಬಾವುಟ ಹುಗಿಯುದು, ಅದರ ನಡುವೆ ಕಾಯುದು. ಉಳಿದ ಕಡೆ ಇಳಿದವರನ್ನು ಸೀಟಿ ಊದಿ ಇಲ್ಲಿಗೆ ಓಡಿಸುದು."

ನನ್ನ ಇಡೀ ಯೋಜನೆ ನಿಂತಿದ್ದು ಈ ಮಾತಿನ ಮೇಲೆ. ಜನ ಎಷ್ಟು ಬೇಕು ಅನ್ನೋದನ್ನು ಕೆರೆ ಎಷ್ಟು ದೊಡ್ಡದು ಅಂತ ನೋಡಿ ಲೆಕ್ಕ ಹಾಕಬಾರದು. ಜನ ಇಳಿಯೋ ಜಾಗವನ್ನೇ ಮೊದಲು ಚಿಕ್ಕದು ಮಾಡಬೇಕು. ಆ ಹುಡುಗ ಇನ್ನೂ ಒಂದು ಲೆಕ್ಕ ಹೇಳಿಕೊಟ್ಟ. ಈಜುಕೊಳದ ಲೈಫ್‌ಗಾರ್ಡ್‌ಗಳಿಗೆ ಹತ್ತು-ಇಪ್ಪತ್ತು ಅಂತ ಒಂದು ನಿಯಮ ಇದೆಯಂತೆ. ಮುಳುಗುತ್ತಿರುವವನು ಹತ್ತು ಸೆಕೆಂಡಿನಲ್ಲಿ ಕಣ್ಣಿಗೆ ಬೀಳಬೇಕು, ಮುಂದಿನ ಇಪ್ಪತ್ತು ಸೆಕೆಂಡಿನಲ್ಲಿ ಅವನ ಹತ್ತಿರ ತಲುಪಬೇಕು. ಅದಕ್ಕಿಂತ ದೂರ ಇರೋ ಜಾಗ ನಿಮ್ಮ ಕಾವಲಿನಲ್ಲಿ ಇಲ್ಲ ಅಂತಲೇ ತಿಳಕೊಳ್ಳಿ ಅಂದ. ನಾನು ಬಟ್ಟೆ ಹಾಕಿಕೊಂಡೇ ಕೆರೆಯಲ್ಲಿ ಈಜಿ, ದಡದ ಮೇಲೆ ಒಬ್ಬ ಹುಡುಗನ ಕೈಗೆ ಸ್ಟಾಪ್‌ವಾಚ್ ಕೊಟ್ಟು ನೋಡಿದೆ. ಇಪ್ಪತ್ತು ಸೆಕೆಂಡಿಗೆ ಇಪ್ಪತ್ತು ಮೀಟರ್ ಸಿಕ್ಕರೆ ಪುಣ್ಯ. ಅಂದರೆ ಒಬ್ಬ ಕಾವಲಿನವನ ಕೈಗೆ ಎಟುಕೋದು ಅಷ್ಟೇ ನೀರು. ಕಾಗದದ ಮೇಲೆ ಕೆರೆ ಬರೆದು ಆ ಅಳತೆಯ ಚುಕ್ಕಿ ಇಟ್ಟೆ. ಕೆರೆ ಎಷ್ಟು ದೊಡ್ಡದು ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಸಮುದ್ರದ ಪಾಠ ಅಷ್ಟಕ್ಕೇ ಸಾಕಾಯಿತು. ಅಲ್ಲಿಯ ದೊಡ್ಡ ಅಪಾಯ ರಿಪ್ ಕರೆಂಟು. ದಡಕ್ಕೆ ಬಂದ ನೀರು ಒಂದು ಕಡೆ ಸೇರಿ ವಾಪಸ್ ಎಳೆಯುತ್ತೆ. ಆ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯಲ್ಲ, ನೋಡೋಕೆ ಶಾಂತವಾಗಿರುತ್ತೆ, ಗೊತ್ತಿಲ್ಲದವರು ಅಲ್ಲೇ ಹೋಗಿ ಇಳೀತಾರೆ. ಸಿಕ್ಕಿಕೊಂಡರೆ ಎದುರಿಗೆ ಈಜಬಾರದು, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬರಬೇಕು. ನಮ್ಮ ಕೆರೆಯಲ್ಲಿ ಇದ್ಯಾವುದೂ ಇಲ್ಲ. ನಮ್ಮ ಕೆರೆಯಲ್ಲಿ ಏನಿದೆ ಅಂತ ಹೇಳೋಕೆ ಬೇರೆಯವರೇ ಬೇಕಿತ್ತು.

ನಮ್ಮೂರಲ್ಲಿ ನೀರುಗಂಟಿ ಮನೆತನದ ತಾತ ಒಬ್ಬರು ಇದ್ದಾರೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ಮನೆ ಅದು. ಕೆರೆ ಒಣಗಿದ ಮೇಲೆ ಆ ಕೆಲಸವೂ ಹೋಯಿತು. ನೀರು ಬಂದ ಮೇಲೂ ಯಾರೂ ಅವರನ್ನು ಕರೆದಿರಲಿಲ್ಲ. ನಾನು ಹೋಗಿ ಕರೆದಾಗ ಕೋಲು ಹಿಡಿದು ಎದ್ದೇ ಬಿಟ್ಟರು. ಏರಿ ಮೇಲೆ ನಡೆಯುತ್ತಾ ನೀರಿನ ಕಡೆ ಕೋಲು ತೋರಿಸುತ್ತಾ ಹೋದರು, ನಾನು ಬರಕೊಳ್ಳುತ್ತಾ ಹೋದೆ.

"ಅಲ್ಲಿ ಇಟ್ಟಿಗೆ ಗೂಡಿನೋರು ಮಣ್ಣು ತೆಗ್ದಿದ್ರು. ಜೆಸಿಬಿ ನಿಂತ್ರೆ ಅದರ ತಲೆ ಕಾಣ್ತಿರಲಿಲ್ಲ ಸಾ."

"ಆ ಜೊಂಡು ಕಾಣುತ್ತಲ್ಲ, ಅದರ ಪಕ್ಕ ಬಾವಿ. ಬರಗಾಲದಾಗೆ ತೋಡಿದ್ದು. ಮುಚ್ಚಿಲ್ಲ."

"ಈ ಕಡೆ ಪೂರ್ತಿ ಜಾಲಿ ಗಿಡ. ಕಡೀದೇ ನೀರು ಬಿಟ್ರು. ಕಾಲು ಸಿಕ್ಕೊಂಡ್ರೆ ಬಿಡಲ್ಲ."

ನೀರಿನ ಮೇಲೆ ಇದ್ಯಾವುದರ ಗುರುತೂ ಇಲ್ಲ. ಹಸಿರು ಹಸಿರಾಗಿ ಒಂದೇ ಸಮ ಕಾಣುತ್ತೆ. ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಹೆಜ್ಜೆ ಹಾಕಿದವನಿಗೆ ಐದನೇ ಹೆಜ್ಜೆಗೆ ನೆಲ ಇರಲ್ಲ. ಹಳೆಯ ಕಾಲದ ಕೆರೆ ಅಂಗಳ ತಟ್ಟೆಯ ಹಾಗೆ ನಿಧಾನಕ್ಕೆ ಆಳ ಆಗುತ್ತಿತ್ತು, ಈಜು ಬರದವರೂ ಎದೆಮಟ್ಟ ನೀರಿಗೆ ಹೋಗಿ ಮಿಂದು ಬರುತ್ತಿದ್ದರು. ನಾವು ಬರಗಾಲದಲ್ಲಿ ಮಣ್ಣು, ಮರಳು, ಹೂಳು ಅಂತ ಕಂಡಕಂಡಲ್ಲಿ ಬಗೆದು ಆ ಇಳಿಜಾರನ್ನೇ ಹಾಳು ಮಾಡಿದ್ದೇವೆ. ಕೆರೆ ಸಾವುಗಳ ಬಗ್ಗೆ ಮಾತಾಡುವಾಗ ಎಲ್ಲರೂ ಹುಡುಗರ ತುಂಟತನ ಅಂತಾರೆ. ನನ್ನ ಪ್ರಕಾರ ಅರ್ಧ ತಪ್ಪು ಜೆಸಿಬಿಯದು.

ತಾತ ಹೇಳಿದ್ದನ್ನು ಮೀನು ಹಿಡಿಯೋ ಹುಡುಗರ ತೆಪ್ಪದಲ್ಲಿ ಕೂತು ಅಳೆದು ನೋಡಿದೆವು. ಹಗ್ಗದ ತುದಿಗೆ ಕಲ್ಲು ಕಟ್ಟಿ, ಒಂದೊಂದು ಮೊಳಕ್ಕೆ ಗಂಟು ಹಾಕಿ ಇಳಿಬಿಡೋದು, ಎಷ್ಟು ಗಂಟು ಮುಳುಗಿತು ಅಂತ ಎಣಿಸೋದು. ಎರಡು ಗಂಟು, ಎರಡು ಗಂಟು, ಎರಡು ಗಂಟು, ಆಮೇಲೆ ಹಗ್ಗ ಸರ್ರನೆ ಜಾರಿ ಒಂಬತ್ತು ಗಂಟು. ತೆಪ್ಪದಲ್ಲಿದ್ದ ಹುಡುಗ, ದಿನಾ ಇಲ್ಲೇ ಬಲೆ ಹಾಕುವವನು, "ಅಣ್ಣಾ, ನಾನಿಲ್ಲೇ ಇಳಿದು ಬಲೆ ಬಿಡಿಸ್ತಿದ್ದೆ" ಅಂತ ಸುಮ್ಮನಾದ. ತಾತ ತೋರಿಸಿದ ಜಾಗಗಳಲ್ಲಿ ಒಂದೂ ಸುಳ್ಳಾಗಲಿಲ್ಲ. ಆ ನಕ್ಷೆ ಈಗ ಪಂಚಾಯ್ತಿ ಕಚೇರಿಯ ಗೋಡೆ ಮೇಲಿದೆ.

ಎಲ್ಲಿ ಅನ್ನೋದು ಗೊತ್ತಾಯಿತು. ಇನ್ನು ಯಾವಾಗ ಅನ್ನೋದು. ಅದಕ್ಕೆ ಕೂತು ನೋಡೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಏರಿ ಮೇಲಿನ ಗಂಗಮ್ಮನ ಗುಡಿ ಪಕ್ಕ ಹೊಂಗೆ ಮರದ ನೆರಳಲ್ಲಿ ನೋಟ್‌ಬುಕ್ ಹಿಡಕೊಂಡು ಕೂತೆ. ನನಗೆ ಪಾಠ ಇದ್ದ ಹೊತ್ತಿಗೆ ಪಿಯುಸಿ ಮುಗಿಸಿದ ಇಬ್ಬರು ಹಳೇ ವಿದ್ಯಾರ್ಥಿಗಳು ಕೂತರು. ಬೆಳಗ್ಗೆ ಬಟ್ಟೆ ಒಗೆಯೋ ಹೆಂಗಸರು, ಮೆಟ್ಟಿಲ ಹತ್ತಿರ. ಹತ್ತರ ಹೊತ್ತಿಗೆ ಖಾಲಿ. ಸಂಜೆ ದನ ಮೈ ತೊಳೆಯೋರು. ಭಾನುವಾರ ಸಂಜೆ ಬೆಂಗಳೂರಿನ ಬೈಕುಗಳು. ಅವರು ನೀರಿಗೆ ಇಳಿಯೋದು ಕಮ್ಮಿ, ಕೋಡಿ ಮೇಲೆ ನಿಂತು ರೀಲ್ಸ್ ಮಾಡೋದು ಜಾಸ್ತಿ. ಕೋಡಿ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತೆ ಅಂತ ಅವರಿಗೆ ಯಾರು ಹೇಳಬೇಕು?

ಜನ ಜಾಸ್ತಿ ಸೇರೋದು ಭಾನುವಾರ ಸಂಜೆ. ಹಾಗಾಗಿ ಸದಸ್ಯರೆಲ್ಲ ಭಾನುವಾರಕ್ಕೆ ಕಾವಲು ಹಾಕಿದರೆ ಸಾಕು ಅಂದರು. ನೋಟ್‌ಬುಕ್ ಬೇರೆ ಹೇಳುತ್ತಿತ್ತು. ಭಾನುವಾರ ಸಂಜೆ ಜನ ಜಾಸ್ತಿ ಇದ್ದಷ್ಟೇ ಕಣ್ಣುಗಳೂ ಜಾಸ್ತಿ. ಒಬ್ಬ ಜಾರಿದರೆ ನಾಲ್ಕು ಜನ ಕೂಗ್ತಾರೆ. ನನಗೆ ಭಯ ಹುಟ್ಟಿಸಿದ್ದು ರಜೆ ದಿನಗಳ ಮಧ್ಯಾಹ್ನ, ಒಂದೂವರೆಯಿಂದ ಮೂರೂವರೆ. ಊರು ಉಂಡು ಮಲಗಿರುತ್ತೆ. ಹೊಲದಲ್ಲಿ ಒಂದು ನರಪಿಳ್ಳೆ ಇರಲ್ಲ. ಸೆಕೆ ತಡೆಯಲಾರದೆ ಮೂರು ನಾಲ್ಕು ಹುಡುಗರು ಮನೆಯಲ್ಲಿ ಹೇಳದೆ ಬರೋದು ಆ ಹೊತ್ತಿಗೇ. ಬರೋ ಜಾಗವೂ ಮೆಟ್ಟಿಲಲ್ಲ, ಯಾರಿಗೂ ಕಾಣದ ಜಾಲಿ ಮರೆಯ ಕಡೆ. ಬಟ್ಟೆ ಒದ್ದೆಯಾದರೆ ಮನೆಯಲ್ಲಿ ಗೊತ್ತಾಗುತ್ತೆ ಅಂತ ಬಿಚ್ಚಿಟ್ಟು ಇಳೀತಾರೆ. ಒಬ್ಬ ಮುಳುಗಿದರೆ ಉಳಿದವರು ಹೆದರಿ ಓಡ್ತಾರೆ, ಮನೆಯಲ್ಲಿ ಬಾಯಿ ಬಿಡಲ್ಲ. ಸಂಜೆ ದಡದ ಮೇಲೆ ಬಟ್ಟೆ ಸಿಗುತ್ತೆ. ನಮ್ಮ ಸುತ್ತಮುತ್ತ ನಾವು ಓದಿದ, ಕೇಳಿದ ಸುದ್ದಿಗಳಲ್ಲಿ ಎಷ್ಟೊಂದು ಹೀಗೇ ಶುರುವಾಗುತ್ತವೆ ಅಂತ ಒಮ್ಮೆ ನೆನಪಿಸಿಕೊಳ್ಳಿ.

ಆದ್ದರಿಂದ ರಜೆಯಲ್ಲಿ ದಿನಾ ಹನ್ನೊಂದರಿಂದ ಆರರವರೆಗೆ, ಶಾಲೆ ಶುರುವಾದ ಮೇಲೆ ನಾಲ್ಕರಿಂದ ಆರು, ಭಾನುವಾರ ಮಾತ್ರ ರಜೆಯ ಹಾಗೇ ಪೂರ್ತಿ ಅಂತ ಹೊತ್ತು ಗೊತ್ತು ಮಾಡಿದೆವು. ಜಾಗ ಎರಡೇ: ಗಂಗಮ್ಮನ ಗುಡಿ ಮೆಟ್ಟಿಲು ಒಂದು, ಕೋಡಿ ಇನ್ನೊಂದು. ಜಾಲಿ ಮರೆ ಕಡೆ ಹೋಗೋ ಕಾಲುದಾರಿಗೆ ಮುಳ್ಳು ಕಡಿದು ಹಾಕಿದೆವು. ಬಾವಿಯ ಸುತ್ತ ಕೆಂಪು ಬಟ್ಟೆ ಕಟ್ಟಿದ ಗಳ ನೆಟ್ಟೆವು. ಮೆಟ್ಟಿಲ ಮುಂದೆ ಸೊಂಟದ ಮಟ್ಟದ ನೀರು ಮುಗಿಯೋ ಕಡೆ ಹಗ್ಗ ಎಳೆದು, ಅದಕ್ಕೆ ಖಾಲಿ ಕ್ಯಾನುಗಳನ್ನು ಕಟ್ಟಿ ತೇಲಿಬಿಟ್ಟೆವು. ಹಗ್ಗದ ಈಚೆ ಇದ್ದರೆ ಸರಿ, ಆಚೆ ಹೋದರೆ ಸೀಟಿ.

ಇಲ್ಲಿ ಬಾವುಟದ ಕತೆ ಹೇಳಲೇಬೇಕು. ಕಾವಲು ಇರೋ ಜಾಗಕ್ಕೆ ಪ್ರಪಂಚದ ಎಷ್ಟೋ ಬೀಚುಗಳಲ್ಲಿ ಇರೋ ಗುರುತು ಎರಡು ಬಣ್ಣದ ಬಾವುಟ. ಮೇಲೆ ಕೆಂಪು, ಕೆಳಗೆ ಹಳದಿ. ಟೈಲರ್ ಹತ್ತಿರ ಹೊಲಿಸಿಕೊಂಡು ಬಂದು ನೆಟ್ಟೆವು. ಅರ್ಧ ಗಂಟೆಯಲ್ಲಿ ಕನ್ನಡ ಸಂಘದ ಹುಡುಗರು ಬಂದರು. "ಏನ್ ಸಾ, ನಮ್ಮ ಬಾವುಟ ತಲೆಕೆಳಗೆ ಕಟ್ಟಿದ್ದೀರಾ?" ಅರಿಶಿನ ಮೇಲೆ, ಕುಂಕುಮ ಕೆಳಗೆ ಇರಬೇಕಾದ್ದು ಉಲ್ಟಾ ಆಗಿದೆ ಅಂತ ಅವರಿಗೆ ಸಿಟ್ಟು. ಅಂತರರಾಷ್ಟ್ರೀಯ ನಿಯಮ ಅಂತ ಹೇಳೋಕೆ ಹೋದೆ. ಯಾರು ಕೇಳ್ತಾರೆ? ಸರಿ ಮಾಡಿ ಕಟ್ಟಿದರೆ ರಾಜ್ಯೋತ್ಸವ ಅಂತ ಜನ ಕೈ ಮುಗೀತಾರೆ, ಉಲ್ಟಾ ಕಟ್ಟಿದರೆ ಜಗಳ. ಗಡಿ ಜಿಲ್ಲೆಯಲ್ಲಿ ಬಾವುಟದ ವಿಷಯಕ್ಕೆ ಹೋಗೋದು ಬೇಡ ಅಂತ ಎರಡನ್ನೂ ಬಿಚ್ಚಿ ಕಿತ್ತಳೆ ಬಣ್ಣದ ಟೀ ಶರ್ಟ್ ಮೊರೆ ಹೋದೆವು. ಆ ಶರ್ಟು ಹಾಕಿಕೊಂಡವನು ಕಂಡರೆ ಕಾವಲು ಇದೆ ಅಂತ ಅರ್ಥ. ಶರ್ಟು ಇಲ್ಲ ಅಂದರೆ ಇಲ್ಲ.

ಶರ್ಟು ಹಾಕೋರು ಯಾರು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಮೀನು ಹಿಡಿಯೋ ಹುಡುಗರು, ನನ್ನ ಇಬ್ಬರು ಹಳೇ ವಿದ್ಯಾರ್ಥಿಗಳು. ಎರಡು ಜಾಗಕ್ಕೆ ಇಬ್ಬರು, ಬದಲಿ ಕೊಡೋಕೆ ಮೂರನೆಯವನು. ಅರ್ಧ ಗಂಟೆಗೊಮ್ಮೆ ಜಾಗ ಬದಲು. ಒಂದೇ ನೀರನ್ನು ನೋಡುತ್ತಾ ಕೂತರೆ ಕಣ್ಣು ತೆರೆದೇ ಇರುತ್ತೆ, ತಲೆ ಮಾತ್ರ ಎಲ್ಲೋ ಹೋಗುತ್ತೆ. ನಾನೇ ಕೂತು ನೋಡಿದ್ದೇನೆ, ನಲವತ್ತು ನಿಮಿಷ ಆದರೆ ಊಟದ ಯೋಚನೆ ಬಿಟ್ಟು ಬೇರೇನೂ ಬರಲ್ಲ. ಮೊಬೈಲು ಬದಲಿಯವನ ಕೈಯಲ್ಲಿ. ಕೂಲಿಯನ್ನು ಪಂಚಾಯ್ತಿಯ ಸ್ವಂತ ದುಡ್ಡಿನಿಂದ ಕೊಡೋದು ಅಂತಾಯಿತು. ಲೈಫ್‌ಗಾರ್ಡ್ ಅಂತ ಬರೆಯೋಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಜಾಗ ಇಲ್ಲದ್ದರಿಂದ ಮೇಡಂ "ಕೆರೆ ಕಾವಲು" ಅಂತ ಬರೆದರು. ಮೀನಿನ ಟೆಂಡರ್ ಹಿಡಿದವರು ಎರಡು ಲೈಫ್ ಜಾಕೆಟ್ ಕೊಟ್ಟರು.

ತರಬೇತಿಗೆ ಅಗ್ನಿಶಾಮಕ ಠಾಣೆಯವರು ಬಂದರು. ಅವರು ಹೇಳಿದ ಮೊದಲ ಮಾತೇ ನೀರಿಗೆ ಹಾರಬೇಡಿ ಅನ್ನೋದು. ಕೈಗೆ ಎಟುಕಿದರೆ ಕೋಲು ಚಾಚಿ. ಎಟುಕದಿದ್ದರೆ ತೇಲೋದು ಏನಾದರೂ ಎಸೆಯಿರಿ. ಅದೂ ಆಗದಿದ್ದರೆ ತೆಪ್ಪ. ಈಜಿಕೊಂಡು ಹೋಗೋದು ಎಲ್ಲ ಮುಗಿದ ಮೇಲೆ, ಅದೂ ತೇಲೋ ವಸ್ತು ಹಿಡಿದುಕೊಂಡೇ. ಮುಳುಗೋನು ಕಾಪಾಡೋಕೆ ಬಂದವನ ಕತ್ತು ಹಿಡಿದು ಹತ್ತೋಕೆ ನೋಡ್ತಾನೆ. ಒಬ್ಬನನ್ನು ಉಳಿಸೋಕೆ ಹೋಗಿ ಇಬ್ಬರು, ಮೂವರು ಹೋದ ಸುದ್ದಿ ಬರೋದು ಇದಕ್ಕೇ. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನಿಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿದು, ಹಿಡಿಗೆ ಹಗ್ಗ ಕಟ್ಟಿದೆವು. ಸ್ವಲ್ಪ ತೂಕ ಇದ್ದರೆ ದೂರ ಹೋಗುತ್ತೆ, ಆದರೂ ತೇಲುತ್ತೆ. ಅಂಥವು ಮೆಟ್ಟಿಲಲ್ಲಿ ಮೂರು, ಕೋಡಿ ಹತ್ತಿರ ಎರಡು ತೂಗುಹಾಕಿದೆವು. ಬಟ್ಟೆ ಒಗೆಯೋ ಅಕ್ಕಂದಿರಿಗೂ ಎಸೆಯೋದು ಕಲಿಸಿದೆವು. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ 2020ರಲ್ಲಿ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರು ಹುಡುಗರನ್ನು ಎಳೆದು ಉಳಿಸಿದ್ದನ್ನು ಹೇಳಿದೆ. "ನಾವೂ ಎಸೀತೀವಿ ಬಿಡಿ ಮೇಷ್ಟ್ರೇ, ಜೀವ ಮುಖ್ಯ" ಅಂದರು ಒಬ್ಬರು. ಗುರಿ ಇಟ್ಟು ಎಸೆಯೋದರಲ್ಲಿ ಅವರು ಹುಡುಗರಿಗಿಂತ ಚೆನ್ನಾಗಿದ್ದರು.

ಹೊರಗೆ ತೆಗೆದ ಮೇಲೆ ಏನು ಮಾಡೋದು ಅನ್ನೋದರಲ್ಲಿ ಊರಲ್ಲಿ ಬೇಕಾದಷ್ಟು ನಂಬಿಕೆಗಳಿದ್ದವು. ತಲೆಕೆಳಗೆ ಹಿಡಿದು ತಿರುಗಿಸೋದು, ಹೊಟ್ಟೆ ಒತ್ತಿ ನೀರು ಕಕ್ಕಿಸೋದು. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತೆ ಅನ್ನೋ ವಾಟ್ಸಾಪ್ ಮೆಸೇಜು ನಮ್ಮ ಗುಂಪಿಗೂ ಬಂದಿತ್ತು. ಇದೆಲ್ಲ ಹೊತ್ತು ಕಳೆಯೋ ಕೆಲಸ. ಉಸಿರು ಇಲ್ಲ ಅಂದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಹೃದಯ ನಿಂತವನಿಗೆ ಎದೆ ಒತ್ತಿದರೆ ಸಾಕು ಅಂತ ಟಿವಿಯಲ್ಲಿ ನೋಡಿದವರು ಕೇಳಿದರು. ನೀರಲ್ಲಿ ಮುಳುಗಿದವನಿಗೆ ಕಡಿಮೆಯಾಗಿರೋದು ಗಾಳಿ, ಅದಕ್ಕೇ ಉಸಿರು ಮೊದಲು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಮುಳುಗೋದು ಹೇಗೆ ಕಾಣುತ್ತೆ ಅಂತ ಕಲಿಸೋದು. ಸಿನಿಮಾದಲ್ಲಿ ಕೈ ಬೀಸ್ತಾರೆ, ಕಾಪಾಡಿ ಅಂತ ಕೂಗ್ತಾರೆ. ನಿಜವಾಗಿ ಹಾಗಲ್ಲ. ಫ್ರಾಂಕ್ ಪಿಯಾ ಅನ್ನೋ ಲೈಫ್‌ಗಾರ್ಡ್ ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಮುಳುಗುತ್ತಿದ್ದವರನ್ನು ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದು ಇದನ್ನೇ. ಉಸಿರಾಡೋಕೇ ಬಾಯಿ ಸಾಲದು, ಕೂಗೋದು ಎಲ್ಲಿಂದ ಬಂತು? ಕೈ ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಬೀಸೋಕಾಗಲ್ಲ. ಮೈ ನೆಟ್ಟಗೆ, ಬಾಯಿ ನೀರಿನ ಮಟ್ಟದಲ್ಲಿ. 20ರಿಂದ 60 ಸೆಕೆಂಡ್, ಆಮೇಲೆ ಒಳಗೆ. ದೂರದಿಂದ ನೋಡಿದವರಿಗೆ ಆಟ ಆಡುತ್ತಿದ್ದಾನೆ ಅನಿಸುತ್ತೆ. ಗಲಾಟೆ ಮಾಡೋ ಹುಡುಗನನ್ನು ಬಿಡಿ, ಸುಮ್ಮನಾದವನನ್ನು ನೋಡಿ ಅಂತ ನಮ್ಮ ಹುಡುಗರಿಗೆ ಹೇಳಿ ಹೇಳಿ ಸಾಕಾಯಿತು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹಬ್ಬಕ್ಕೆ ಅಜ್ಜಿ ಮನೆಗೆ ಬಂದಿದ್ದ ಹುಡುಗನೊಬ್ಬ ಹಗ್ಗದ ಕೆಳಗೆ ನುಸುಳಿ ಆಚೆ ಹೋದ. ಮೆಟ್ಟಿಲ ಕಾವಲಿನವನು ಕ್ಯಾನ್ ಎಸೆದ, ಹುಡುಗ ಹಿಡಕೊಂಡ, ಎಳೆದುಕೊಂಡರು. ಸಂಜೆ ನನ್ನ ಹತ್ತಿರ ಬಂದು ಆ ಕಾವಲಿನವನು ಹೇಳಿದ್ದು ಒಂದೇ ಮಾತು: "ಅವ್ನು ಕೂಗ್ಲೇ ಇಲ್ಲ ಸಾ." ಅಲ್ಲಿಂದ ಮುಂದೆ ಅವನಿಗೆ ನಾನು ಏನೂ ಕಲಿಸಬೇಕಾಗಲಿಲ್ಲ. ಹೊಸಬರಿಗೆ ಅವನೇ ಕಲಿಸುತ್ತಿದ್ದಾನೆ.

ಬೇಸಿಗೆ ದಾಟಿತು ಅನ್ನೋ ಹೊತ್ತಿಗೆ ಗಣೇಶನ ಹಬ್ಬ ಬಂತು. ಬೇಸಿಗೆಗೆ ಹಾಕಿದ ಲೆಕ್ಕ ಗಣೇಶ ಬಿಡೋದಕ್ಕೆ ಒಂದೂ ನಡೆಯಲಿಲ್ಲ. ಹೊತ್ತು ರಾತ್ರಿ. ತಮಟೆ, ಪಟಾಕಿ, ಡಿಜೆ ಸದ್ದಿನಲ್ಲಿ ಸೀಟಿ ಯಾರಿಗೂ ಕೇಳಿಸಲ್ಲ. ಇಳಿಯೋರು ಮಕ್ಕಳಲ್ಲ, ಮೈಯಲ್ಲಿ ಕಸುವಿರೋ ಗಂಡಸರು, ಕೆಲವರ ಹೊಟ್ಟೆಯಲ್ಲಿ ಎಣ್ಣೆ ಬೇರೆ. ನೀರಿನಲ್ಲಿ ಗಣೇಶ ವಾಲಿಕೊಂಡರೆ ಅದರಡಿ ಸಿಕ್ಕವನು ಎಷ್ಟು ಈಜಿದರೂ ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಕತ್ತಲೆಯಲ್ಲಿ ಹತ್ತು ಸೆಕೆಂಡಿನ ಮಾತೇ ಇಲ್ಲ. ಕಾಣದ ನೀರನ್ನು ಕಾಯೋಕಾಗಲ್ಲ. ಕತ್ತಲಾದ ಮೇಲೆ ಬಿಡೋದು ಬೇಡ ಅಂತ ನಾನು ಕೂತೆ. ಮಂಡಳಿ ಹುಡುಗರು ಮೆರವಣಿಗೆ ಇಲ್ಲದ ಗಣೇಶ ಎಂಥದು ಅಂತ ಕೂತರು. ಮೆರವಣಿಗೆ ಮುಗಿಯೋದೇ ಹತ್ತಕ್ಕೆ.

ಮೂರು ಬೀದಿಯ ಮಂಡಳಿಯವರನ್ನೂ ಗುಡಿ ಮುಂದೆ ಕೂರಿಸಿದೆವು. ಮಾತು ಜೋರಾಯಿತು. ಕೊನೆಗೆ ದಾರಿ ತೋರಿಸಿದವರು ಮತ್ತೆ ಅದೇ ನೀರುಗಂಟಿ ತಾತ. "ಪೂಜೆ ನೀವು ಮಾಡಿ, ಮೆಟ್ಟಿಲ ತನಕ ನೀವೇ ಹೊತ್ಕೊಂಡು ಬನ್ನಿ. ನೀರಾಗೆ ಬಿಡೋದು ನಮ್ಮ ಕೆಲಸ, ತೂಬು ಎತ್ತೋ ಕಾಲದಿಂದ ಗಂಗಮ್ಮನ ಕೆಲಸ ನಮ್ದೇ" ಅಂದರು. ಸಂಪ್ರದಾಯ ಅಂತ ವಾದ ಮಾಡುತ್ತಿದ್ದವರಿಗೆ ಅದಕ್ಕಿಂತ ಹಳೇ ಸಂಪ್ರದಾಯ ಎದುರು ನಿಂತಿತು. ಹಾಗಾಗಿ ಡ್ರಮ್ಮುಗಳಿಗೆ ಬಿದಿರು ಕಟ್ಟಿ ಒಂದು ತೆಪ್ಪ ಮಾಡಿದೆವು. ಗಣೇಶನನ್ನು ಕೊನೇ ಮೆಟ್ಟಿಲಲ್ಲಿ ತೆಪ್ಪಕ್ಕೆ ಏರಿಸೋದು, ಮೀನಿನ ಹುಡುಗರು ಜಾಕೆಟ್ ಹಾಕಿಕೊಂಡು ಹಗ್ಗದವರೆಗೆ ತಳ್ಳಿಕೊಂಡು ಹೋಗಿ ಬಿಡೋದು. ಮೆಟ್ಟಿಲಿಗೆ ಜನರೇಟರ್ ಲೈಟು. ಪ್ರತಿ ಮಂಡಳಿಯಿಂದ ಇಬ್ಬರು ತೆಪ್ಪದ ಜೊತೆ ಬರಬಹುದು, ಈಜು ಬರಬೇಕು, ಕುಡಿದಿರಬಾರದು.

"ಕುಡಿದಿಲ್ಲ ಅಂತ ತೀರ್ಮಾನ ಮಾಡೋರು ಯಾರು?" ಅಂತ ಒಬ್ಬ ಎದ್ದು ಕೇಳಿದ. ಅವನ ಪ್ರಶ್ನೆಯಲ್ಲೇ ಉತ್ತರ ವಾಸನೆ ಬರುತ್ತಿತ್ತು. ಪಿಡಿಒ ಮೇಡಂ ತಲೆ ಎತ್ತದೆ ಹೇಳಿದರು: "ಅವರವರ ಅಮ್ಮಂದಿರು. ಅಮ್ಮ ಬಂದು ಹ್ಞೂಂ ಅಂದ್ರೆ ಜಾಕೆಟ್ ಕೊಡ್ತೀವಿ." ಆ ರಾತ್ರಿ ಮೂರು ಮಂಡಳಿಯಿಂದ ಆರು ಜನ ಬರಬೇಕಿತ್ತು. ಬಂದವರು ಇಬ್ಬರು. ಗಣೇಶ ಮಾತ್ರ ಮೂರೂ ಸುಸೂತ್ರವಾಗಿ ಹೋದವು.

ಜುಲೈ 25 ಮುಳುಗಿ ಸಾಯುವುದನ್ನು ತಡೆಯುವ ದಿನ, 2021ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಆವತ್ತು ಶಾಲೆಯಲ್ಲಿ ಕ್ಯಾನ್ ಎಸೆಯೋ ಸ್ಪರ್ಧೆ ಇಟ್ಟಿದ್ದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ಮೂರು ಲಕ್ಷ ಜನ ಮುಳುಗಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳಿದೆ. ಏಳನೇ ತರಗತಿ ಹುಡುಗಿ ಒಬ್ಬಳು ಕೈ ಎತ್ತಿದಳು. "ಸಾರ್, ಕೆರೆಗೆ ಅಣ್ಣಂದಿರು ಇದಾರೆ. ನಮ್ಮ ತೋಟದ ಹೊಂಡಕ್ಕೆ ಯಾರಿದಾರೆ?"

ಕೃಷಿ ಹೊಂಡದ ಮಾತು ಅದು. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಕಡೆ ತೋಟ ತೋಟಕ್ಕೂ ಹೊಂಡ ಆಗಿದೆ. ನೀರು ಇಂಗದಿರಲಿ ಅಂತ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನಾಲ್ಕೂ ಕಡೆ ಇಳಿಜಾರು, ಒದ್ದೆಯಾದರೆ ಕಾಲು ನಿಲ್ಲಲ್ಲ. ಈಜು ಬರೋ ದೊಡ್ಡವನೂ ಬಿದ್ದರೆ ಹತ್ತಿ ಬರೋಕಾಗಲ್ಲ. ಇಲ್ಲಿ ಯಾವ ಲೈಫ್‌ಗಾರ್ಡ್ ಲೆಕ್ಕವೂ ನಡೆಯಲ್ಲ. ಒಂದೊಂದು ಹೊಂಡಕ್ಕೆ ಒಬ್ಬನನ್ನು ಕೂರಿಸೋಕಾಗುತ್ತಾ? ಬೇಲಿ ಬೇಕು. ಬೇಲಿ ಆಗೋವರೆಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಎರಡೂ ದಡಕ್ಕೆ ಗೂಟ ಹೊಡೆದು ಕಟ್ಟಿ ನೀರಿಗೆ ಇಳಿಬಿಡಬೇಕು, ಬಿದ್ದವನು ಹಿಡಕೊಂಡು ಹತ್ತಲಿ.

ಈಗ ಶನಿವಾರ ಮಧ್ಯಾಹ್ನ ನಾನೂ ನಮ್ಮ ಹುಡುಗರೂ ಹೊಂಡಗಳ ಪಟ್ಟಿ ಮಾಡುತ್ತಿದ್ದೇವೆ. ಕೆಲವು ತೋಟದವರು ಹಗ್ಗ ಕಟ್ಟಿಸಿಕೊಂಡು ಟೀ ಕೊಟ್ಟು ಕಳಿಸುತ್ತಾರೆ. ಕೆಲವರು ಗೂಟ ಹೊಡೆದರೆ ಹಾಳೆ ಹರಿಯುತ್ತೆ ಅಂತ ಗೇಟಿನಲ್ಲೇ ನಿಲ್ಲಿಸುತ್ತಾರೆ. ಹಾಳೆಯಿಂದ ಒಂದು ಮಾರು ದೂರ ಹೊಡೀತೀವಿ ಅಂತ ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಅರ್ಧ ಜನ ಒಪ್ಪುತ್ತಾರೆ. ಒಪ್ಪದವರ ಮನೆಗೆ ಮುಂದಿನ ವಾರ ಆ ಏಳನೇ ತರಗತಿ ಹುಡುಗಿಯ ಅಜ್ಜಿಯನ್ನು ಕರಕೊಂಡು ಹೋಗೋದು ಅಂತಾಗಿದೆ. ಅವರ ಮಾತನ್ನು ತಳ್ಳಿಹಾಕೋರು ಈ ಕಡೆ ಯಾರೂ ಇಲ್ಲ. ಹಗ್ಗದ ಬಿಲ್ಲು ಪಂಚಾಯ್ತಿಯಲ್ಲಿ ಇನ್ನೂ ಪಾಸಾಗಬೇಕು.